ಸಂಡೂರಿನ ಕಡೆಯ ದೊರೆ

ಬಳ್ಳಾರಿ ಸೀಮೆಯೆಂದರೆ ಬಿರುಬಿಸಿಲು, ಕರಿಯ ಎರೆನೆಲ, ಬೋಳುಬಂಡೆಯ ಗುಡ್ಡ, ಇಷ್ಟೇ ಎಂದು ತಿಳಿದಿರುವ ಗೃಹಸ್ಥರು ಮಳೆಗಾಲವು ಮುಗಿಯುತ್ತ ಬಂದಾಗ ಒಮ್ಮೆ ಸಂಡೂರಿಗೆ ಹೋಗಿಬರತಕ್ಕದ್ದು. ಹೊಸಪೇಟೆಯಿಂದ ತೆಂಕಣಕ್ಕೆ ಎರಡು ಬೆಟ್ಟಸಾಲುಗಳು ಒಂದಕ್ಕೊಂದು ಜೊತೆಯಾಗಿ ಸಾಗಿ, ನಡುವೆ ಉದ್ದವಾದ ಕಣಿವೆಯೊಂದನ್ನು ಅಪ್ಪಿಕೊಂಡಿವೆ. ಎರಡು ತುದಿಗಳಲ್ಲಿಯೂ ಸಾಲುಗಳು ಬಾಗಿ ಹತ್ತಿರವಾಗುವುದರಿಂದ ಎತ್ತರದಲ್ಲಿ ನಿಂತು ನೋಡುವವರಿಗೆ ಕಣಿವೆಯು ಒಂದು ದೊಡ್ಡ ದೋಣಿಯಂತೆಯೇ ತೋರುತ್ತದೆ. ದೋಣಿಮಲೈ ಎಂಬ ಹೆಸರನ್ನು ಕೇಳಿ, ಸಮುದ್ರವಿಲ್ಲದ ಈ ಬಯಲುಸೀಮೆಗೆ ದೋಣಿ ಎಲ್ಲಿಂದ ಬಂತು ಎಂದು ನಗುವವರು ಆ ಬೆಟ್ಟದ ನೆತ್ತಿಯನ್ನು ಏರಿ ಕೆಳಗೆ ನೋಡಿದರೆ ನಗುವನ್ನು ನಿಲ್ಲಿಸುವರು. ಕನ್ನಡದ ನೆಲದಲ್ಲಿ 'ಮಲೆ'ಯು 'ಮಲೈ' ಆಗಿ ನಿಂತಿರುವುದು ಮಾತ್ರ ನಮ್ಮ ಕಿವಿಗೆ ಸ್ವಲ್ಪ ಅಡ್ಡವಾಗಿಯೇ ಕೇಳಿಸುತ್ತದೆ. ಆದರೆ ಊರವರು ಹಾಗೆಯೇ ಕರೆಯುತ್ತಿರುವಾಗ ನಾವು ತಿದ್ದಹೊರಡುವುದು ಸರಿಯಲ್ಲ.

ಈ ದೋಣಿಯೊಳಗೆ ಒಂದು ಕಾಲಕ್ಕೆ ಒಂದು ರಾಜ್ಯವೇ ಇತ್ತು. ಅರಸರು, ಅರಮನೆ, ದಿವಾನರು, ಕಚೇರಿ ಎಲ್ಲವೂ ಇದ್ದುವು. ಅದರ ವಿಸ್ತಾರವು 161 ಚದರ ಮೈಲಿ. 1901ರ ಜನಗಣತಿಯಲ್ಲಿ ಅಲ್ಲಿಯ ಪ್ರಜೆಗಳು 11,200 ಮಂದಿ. ನಮ್ಮ ಎಷ್ಟೋ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ತಿರುವಾಂಕೂರು, ಕೊಚ್ಚಿ, ಪುದುಕೋಟೆ, ಬನಗಾನಪಲ್ಲೆಗಳೊಡನೆ ಸಂಡೂರೂ ಸೇರಿ ಮದರಾಸಿನ ಐದು ದೇಶೀಯ ಸಂಸ್ಥಾನಗಳೆಂದು ಎಣಿಸಲ್ಪಡುತ್ತಿತ್ತು. ಆ ನಾಲ್ವರ ಪಂಕ್ತಿಯಲ್ಲಿ ಸಂಡೂರು ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನಕಾಯಿಯಷ್ಟು. ಅದರ ದೊರೆಗೆ ಆಂಗ್ಲೇಯ ಸರ್ಕಾರವು ತೋಪುಗಳ ಸಲಾಮನ್ನು ಸಹ ಗೊತ್ತುಮಾಡಿರಲಿಲ್ಲ. ಇಷ್ಟು ಚಿಕ್ಕ ಸಂಸ್ಥಾನದ ಕಡೆಯ ದೊರೆಯಾಗಿದ್ದ ಶ್ರೀಮಂತ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರ ಚರಿತ್ರೆಯನ್ನು ನಾವು ಇಲ್ಲಿ ಬರೆಯಹೊರಟಿರುವುದು, ಅವರು ಸಿಂಹಾಸನದ ಮೇಲೆ ಕುಳಿತಿದ್ದರೆಂಬ ಒಂದೇ ಕಾರಣದಿಂದಲ್ಲ. ಅದರಿಂದ ಇಳಿದ ಮೇಲೆಯೂ ಅವರ ಮನೆತನವು ಆ ಬೆಟ್ಟಗಳ ಹಿಡಿತವನ್ನು ಬಿಡದೆ ಉಳಿಸಿಕೊಂಡ ಬಗೆಯು ವಿಚಾರ ಮಾಡತಕ್ಕದ್ದಾಗಿದೆ ಎಂಬುದರಿಂದ.

ಘೋರ್ಪಡೆಯವರು ಮರಾಠ ವೀರರ ವಂಶದವರು. ಛತ್ರಪತಿ ರಾಜಾರಾಮನ ಸೇನಾಪತಿಯಾಗಿ ಮೊಗಲರ ನಿದ್ರೆಯನ್ನು ಕೆಡಿಸಿದ ಸಂತಾಜಿ ಘೋರ್ಪಡೆಯು ಈ ಬಳಗದವನೇ. ಮನೆತನದ ಹೆಸರಿಗೆ ಒಂದು ಕಥೆಯುಂಟು: ಪೂರ್ವಿಕನೊಬ್ಬನು ಉಡದ ಸೊಂಟಕ್ಕೆ ಹಗ್ಗವನ್ನು ಕಟ್ಟಿ ಕೋಟೆಯ ಗೋಡೆಯ ಮೇಲೆ ಹತ್ತಿಸಿ, ಅದು ಬಿಗಿಯಾಗಿ ಹಿಡಿದುಕೊಂಡ ಮೇಲೆ ತಾನೂ ಹಗ್ಗ ಹಿಡಿದು ಏರಿದನಂತೆ. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ ಎಂದು ಹೆಸರು. ಕಥೆ ನಿಜವೋ ಕಟ್ಟಿದ್ದೋ, ಹಿಡಿದದ್ದನ್ನು ಬಿಡದ ಗುಣ ಮಾತ್ರ ಈ ವಂಶದಲ್ಲಿ ಮುಂದೆಯೂ ಕಾಣಬರುತ್ತದೆ.

1728ರಲ್ಲಿ ಸಿದ್ಧೋಜಿರಾವ್ ಘೋರ್ಪಡೆಯು ಜರಿಮಲೆಯ ಬೇಡ ಪಾಳೆಯಗಾರನಿಂದ ಸಂಡೂರನ್ನು ಕಿತ್ತುಕೊಂಡನು. ಗುತ್ತಿಯ ಕೋಟೆಯಲ್ಲಿ ಕುಳಿತು ದಕ್ಷಿಣದ ದೊರೆಗಳನ್ನೆಲ್ಲ ಆಡಿಸಿದ ಮುರಾರಿರಾಯನು ಇದೇ ಮನೆಯವನು. 1776ರಲ್ಲಿ ಹೈದರಾಲಿಯು ಗುತ್ತಿಯನ್ನು ಹಿಡಿದು ಮುರಾರಿರಾಯನನ್ನು ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟನು. ಅಲ್ಲಿಯೇ ಅವನ ಕಥೆ ಮುಗಿಯಿತು. ಸಂಡೂರೂ ಮೈಸೂರವರ ಕೈಸೇರಿತು. 1790ರ ಸುಮಾರಿಗೆ ಘೋರ್ಪಡೆಯವರು ಟಿಪ್ಪುವಿನ ಕಾವಲುದಂಡನ್ನು ಓಡಿಸಿ ತಮ್ಮ ಕಣಿವೆಯೊಳಕ್ಕೆ ಮತ್ತೆ ಬಂದರು.

ಆದರೆ ಕಣಿವೆಗೆ ಕಣ್ಣು ಹಾಕಿದ್ದವರು ಇನ್ನೊಬ್ಬರೂ ಇದ್ದರು. ಪೇಶ್ವೆ ಎರಡನೆಯ ಬಾಜಿರಾಯನು ಸಂಡೂರು ತನಗೆ ಸೇರತಕ್ಕದ್ದೆಂದು ಹಟ ಹಿಡಿದಿದ್ದನು. 1815ರಲ್ಲಿ ಅವನು ಕುಮಾರಸ್ವಾಮಿಯ ಯಾತ್ರೆಯ ನೆಪದಿಂದ ದಂಡು ಸಮೇತನಾಗಿ ಬಂದಾಗ, ಆಗಿನ ಅರಸನಾದ ಶಿವರಾಯನು ದಾರಿಗಳನ್ನು ಕಟ್ಟಿ, ದೇವರ ದರ್ಶನಕ್ಕೆ ಇಷ್ಟು ಜನ ಏಕೆ ಎಂಬ ಭಾವದಿಂದ ಕೆಲವೇ ಪರಿವಾರದೊಡನೆ ಒಳಕ್ಕೆ ಬಿಟ್ಟನಂತೆ. ಸೈನ್ಯವನ್ನು ಹೊರಗೆ ನಿಲ್ಲಿಸಿ ಭಕ್ತನನ್ನು ಮಾತ್ರ ಒಳಗೆ ಕರೆದ ಈ ಚಾತುರ್ಯವನ್ನು ಓದುವಾಗಲೆಲ್ಲ ನಮಗೆ ಸಂತೋಷವಾಗುತ್ತದೆ. ಆದರೆ ಚಾತುರ್ಯದ ಫಲವು ಬಹುಕಾಲ ಉಳಿಯಲಿಲ್ಲ. 1817ರಲ್ಲಿ ಪೇಶ್ವೆಯ ಒತ್ತಾಯಕ್ಕಾಗಿ ಕುಂಪಣಿಯವರು ಮನ್ರೋ ಸಾಹೇಬನನ್ನು ಕಳುಹಿಸಿದರು. ಶಿವರಾಯನು ಕಾದಾಡದೆ ಕೋಟೆಯನ್ನು ಬಿಟ್ಟುಕೊಟ್ಟನು. ಮುಂದಿನ ವರ್ಷವೇ ಪೇಶ್ವೆಯ ಪ್ರಭುತ್ವವು ಮುರಿದುಬಿದ್ದುದರಿಂದ ಸಂಡೂರು ಮತ್ತೆ ಶಿವರಾಯನಿಗೆ ದೊರೆಯಿತು. 1826ರಲ್ಲಿ ಮದರಾಸು ಸರ್ಕಾರದ ಸನ್ನದೂ ಸಿಕ್ಕಿತು. ಕತ್ತಿಯಿಂದ ಗಳಿಸಿದ ಕಣಿವೆಯನ್ನು ಇನ್ನು ಮುಂದೆ ಕಾಗದದಿಂದ ಉಳಿಸಿಕೊಳ್ಳಬೇಕೆಂಬುದನ್ನು ಮನೆತನವು ಅಂದು ಕಲಿತಿತೆಂದು ನಾವು ಊಹಿಸುತ್ತೇವೆ.

ಇನ್ನು ಈ ರಾಜ್ಯದ ಐಶ್ವರ್ಯವಾದರೂ ಏನು? ವಜ್ರವಲ್ಲ, ಬಂದರಲ್ಲ. ಕಣಿವೆಯಲ್ಲಿ ಜೋಳ, ಇಕ್ಕೆಲದ ಬೆಟ್ಟಗಳಲ್ಲಿ ಕಾಡು ಮತ್ತು ಹುಲ್ಲು. ಮಳೆ ಬಿದ್ದೊಡನೆ ಕೆಂಪು ಇಳಿಜಾರುಗಳು ಹಸುರಾಗಿ, ಆಳೆತ್ತರದ ಹುಲ್ಲು ಬೆಳೆಯುತ್ತದೆ. ಸುತ್ತಲಿನ ಸೀಮೆಯ ಕುರುಬರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಎರೆಭೂಮಿಯು ಮಳೆಗಾಲದಲ್ಲಿ ಕೆಸರಾದಾಗ ಕುರಿಗಳ ಗೊರಸು ಕೊಳೆಯುತ್ತದೆ. ಆಗ ಮಂದೆಯನ್ನು ಮೊರಡಿಗೆ, ಗುಡ್ಡಕ್ಕೆ ಹೊಡೆದುಕೊಂಡು ಹೋಗಬೇಕು. ಸುಗ್ಗಿ ಮುಗಿದ ಮೇಲೆ ಅದೇ ಮಂದೆಯನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿದರೆ ರೈತನು ಗೊಬ್ಬರದ ಆಸೆಯಿಂದ ಕುರುಬನಿಗೆ ಕಾಳು ಕೊಡುತ್ತಾನೆ. ಕೂಡ್ಲಿಗಿ, ಹಡಗಲಿಗಳ ಕರಿಯ ಕಂಬಳಿಯನ್ನು ನಮ್ಮ ಹಿರಿಯರು ಹಾಸಿದ್ದಾರೆ, ಹೊದ್ದಿದ್ದಾರೆ, ಮಳೆಗೆ ಕೊಪ್ಪೆ ಮಾಡಿಕೊಂಡಿದ್ದಾರೆ. ಆ ಉಣ್ಣೆಯ ಹಿಂದೆ ಇಂಥ ಬೆಟ್ಟಗಳ ಹುಲ್ಲಿದೆಯೆಂಬುದನ್ನು ಮಾತ್ರ ನೆನೆದವರು ಕಡಮೆ. ಲಂಬಾಣಿಗಳ ಸಾವಿರಾರು ಹೇರೆತ್ತುಗಳೂ ಇಂಥ ಹುಲ್ಲನ್ನು ನಂಬಿಯೇ ದೇಶವನ್ನು ಸುತ್ತುತ್ತಿದ್ದುವು. ಉಪ್ಪು, ದವಸಗಳನ್ನು ಹೇರಿಕೊಂಡು ದಂಡುಗಳ ಹಿಂದೆ ಹೋಗುತ್ತಿದ್ದ ಆ ಜನರು, ರೈಲುಬಂಡಿಗಳು ಬಂದು ಹೇರಿನ ಕಸುಬು ಕೆಟ್ಟ ಮೇಲೆ ತಾಂಡಾಗಳಲ್ಲಿ ನೆಲಸಿದರು. ಸಂಡೂರಿನ ಸುತ್ತ ಅಂತಹ ತಾಂಡಾಗಳು ಹಲವಿವೆ.

ಇಲ್ಲಿ ಒಂದು ದೂರದೇಶದ ಮಾತನ್ನು ನೆನೆಯುವುದು ಅಪ್ರಕೃತವಾಗಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾ ಖಂಡದಲ್ಲಿ ಸರ್ಕಾರದಿಂದ ವಿಶಾಲವಾದ ಹುಲ್ಲುಗಾವಲುಗಳನ್ನು ಗುತ್ತಿಗೆ ಹಿಡಿದು, ಸಾವಿರಗಟ್ಟಲೆ ಕುರಿಗಳನ್ನು ಮೇಯಿಸಿ, ಉಣ್ಣೆಯನ್ನು ಇಂಗ್ಲೆಂಡಿಗೆ ಮಾರಿ ಧನಿಕರಾದ ಗೃಹಸ್ಥರಿದ್ದರು. ಅವರೇ ಶಾಸನಸಭೆಗಳಲ್ಲಿ ಕುಳಿತರು, ಮಂತ್ರಿಗಳೂ ಆದರು. ತಂದೆಯ ಪೀಠಕ್ಕೆ ಮಗನು ಬಂದನು. ಹುಲ್ಲಿನ ಒಡೆತನದಿಂದ ರಾಜ್ಯದ ಒಡೆತನಕ್ಕೆ ಅಲ್ಲಿ ಒಂದೇ ಮೆಟ್ಟಿಲು. ಸಂಡೂರಿನಲ್ಲಿ ನಡೆದದ್ದು ಇದರ ವಿಪರೀತ. ಇಲ್ಲಿ ಹುಲ್ಲಿನ ಒಡೆಯನೇ ದೊರೆ. ಆ ದೊರೆಯು 1882ರಲ್ಲಿ ಸುಮಾರು 40,000 ಎಕರೆ ಕಾಡನ್ನು ವರ್ಷಕ್ಕೆ 10,000 ರೂಪಾಯಿಗಳಂತೆ ಇಪ್ಪತ್ತೈದು ವರ್ಷಗಳ ಅವಧಿಗೆ ಮದರಾಸು ಸರ್ಕಾರಕ್ಕೆ ಗುತ್ತಿಗೆ ಕೊಟ್ಟನು. ಬಳ್ಳಾರಿ ಜಿಲ್ಲೆಯ ಅರಣ್ಯಾಧಿಕಾರಿಗಳು ಬಂದು ಕಾಡಿನ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಅದೇ 1882ರಲ್ಲಿ ಮದರಾಸು ಅರಣ್ಯಶಾಸನವು ಹುಟ್ಟಿತೆಂಬುದನ್ನು ಮರೆಯಬಾರದು. ಆ ಶಾಸನವು ನಡೆದ ಕಡೆಗಳಲ್ಲೆಲ್ಲ ದನ ಮೇಯಿಸಲು ಚೀಟಿ ಬೇಕಾಯಿತು, ಶುಲ್ಕ ಬೇಕಾಯಿತು. ಕುರಿ ಆಡುಗಳನ್ನು ಕಂಡರೆ ಅರಣ್ಯದವರಿಗೆ ಆಗದು. ಗುತ್ತಿಗೆಯಿಂದ ಬೊಕ್ಕಸಕ್ಕೆ ಬಂದ ಹತ್ತು ಸಾವಿರವು ಲೆಕ್ಕದ ಪುಸ್ತಕದಲ್ಲಿ ಏರಿತು. ಕುರುಬನ ಲೆಕ್ಕವನ್ನು ಬರೆದಿಡುವ ಪುಸ್ತಕ ಯಾವುದೂ ಇರಲಿಲ್ಲ.

ಹುಲ್ಲಿನ ಕೆಳಗೆ ಕಲ್ಲಿತ್ತು. ಸಂಡೂರಿನ ಬೆಟ್ಟದ ಕಲ್ಲು ಸಾಮಾನ್ಯವಾದ ಕಲ್ಲಲ್ಲ. ಅದು ಕಬ್ಬಿಣದ ಅದಿರು. ಊರವರಿಗೆ ಇದು ಹೊಸದೇನೂ ಆಗಿರಲಿಲ್ಲ. ಹಿಂದೆ ಇಲ್ಲಿಯ ಹಳ್ಳಿಗಳಲ್ಲಿ ಇದ್ದಲಿನ ಕುಲುಮೆಯಿಂದ ಕಬ್ಬಿಣವನ್ನು ಕರಗಿಸುತ್ತಿದ್ದರು. ಕಮ್ಮತ್ತೂರೆಂಬ ಹಳ್ಳಿಯ ಹೆಸರಿನಲ್ಲಿಯೇ ಕಮ್ಮಾರಿಕೆಯ ಸದ್ದಿದೆ. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಈ ಬೆಟ್ಟಗಳನ್ನು ಕಾಲ್ನಡೆಯಾಗಿ ಅಳೆದು, 1895ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಭೂಗರ್ಭವಿವರಣೆಯಲ್ಲಿ ಇಲ್ಲಿಯ ಅದಿರಿನ ಸಂಪತ್ತನ್ನು ಕುರಿತು ಬರೆದನು. ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪೆನಿಯೆಂಬ ಹೆಸರಿನ ಪರದೇಶದ ಸಂಸ್ಥೆಯು ಮ್ಯಾಂಗನೀಸನ್ನು ಅಗೆಯಲು ಬಂದಿತು. ಉಕ್ಕನ್ನು ಗಟ್ಟಿಮಾಡಲು ಮ್ಯಾಂಗನೀಸು ಬೇಕು; ಯುರೋಪಿನ ಕುಲುಮೆಗಳು ಅದನ್ನು ಎಷ್ಟು ತಂದರೂ ನುಂಗುತ್ತಿದ್ದುವು. ಹೊಸಪೇಟೆ-ಕೊಟ್ಟೂರು ರೈಲುದಾರಿಯಿಂದ ಸ್ವಾಮಿಹಳ್ಳಿಗೆ ಕವಲೊಂದು ಬಂದಿತು. ಲಂಬಾಣಿಯ ಎತ್ತಿನ ಬೆನ್ನು ಬರಿದಾದ ದಾರಿಯಲ್ಲಿಯೇ ಲಂಬಾಣಿಯು ಗಣಿಯ ಕೂಲಿಯಾಗಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತನು.

ಇಂತಹ ಸಂಸ್ಥಾನಕ್ಕೆ, ವೆಂಕಟರಾಯ ದೊರೆಗಳು 1927ರಲ್ಲಿ ಕಾಲವಾದ ಬಳಿಕ, 1928ರಲ್ಲಿ ಯಶವಂತರಾಯರು ಉತ್ತರಾಧಿಕಾರಿಗಳಾದರು. 1908ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತು ವರ್ಷ. ನಮ್ಮ ಮನೆಗಳಲ್ಲಿ ಇಪ್ಪತ್ತರ ಹುಡುಗನ ಕೈಗೆ ಸಂತೆಯ ಹಣವನ್ನು ಕೊಡಲೂ ಹಿಂದುಮುಂದು ನೋಡುತ್ತೇವೆ.

ಯುವಕ ದೊರೆಯ ಆಳ್ವಿಕೆಯಲ್ಲಿ ಒಂದು ಕಾರ್ಯವು ಮಿಕ್ಕೆಲ್ಲವನ್ನೂ ಮೀರಿ ನಿಲ್ಲುತ್ತದೆ. ಸಂಡೂರಿನ ಬೆಟ್ಟದ ಮೇಲೆ ಕುಮಾರಸ್ವಾಮಿಯ ಪುರಾತನ ದೇವಾಲಯವಿದೆ. ಬಳಿಯಲ್ಲಿಯೇ ಅದಕ್ಕಿಂತ ಹಳೆಯದೆಂದು ತೋರುವ ಪಾರ್ವತಿಯ ಗುಡಿ. ತಾರಕಾಸುರನನ್ನು ಕೊಂದ ಸ್ವಾಮಿಯು ಇಲ್ಲಿ ನೆಲಸಿದನೆಂದು ಸ್ಥಳಪುರಾಣವು ಹೇಳುತ್ತದೆ. ಅಲ್ಲಿಯ ಬೆಟ್ಟದಲ್ಲಿ ದೊರೆಯುವ ಬಿಳಿಯ ಮಣ್ಣನ್ನು ಯಾತ್ರಿಕರು ವಿಭೂತಿಯೆಂದು ಮನೆಗೆ ಕೊಂಡುಹೋಗುತ್ತಾರೆ. ಪೇಶ್ವೆಯು ನೆಪವಾಗಿ ಮಾಡಿಕೊಂಡದ್ದು ಈ ಸ್ವಾಮಿಯನ್ನೇ. ಸಂಡೂರಿನ ಅರಸರಿಗೆ ಈತನು ಬರಿಯ ದೇವರಲ್ಲ, ರಾಜ್ಯದ ಒಡೆಯನೆಂದೇ ಭಾವನೆ. ಈ ದೇವಾಲಯದ ಬಾಗಿಲನ್ನು ಯಶವಂತರಾಯರು 1932ರಲ್ಲಿ ಹರಿಜನರಿಗೆ ತೆರೆದರು.

ಆ ಕಾಲದ ಸ್ಥಿತಿಯನ್ನು ಬಲ್ಲವರಿಗೇ ಇದರ ತೂಕ ತಿಳಿಯುವುದು. ನಾಸಿಕದ ಕಾಳಾರಾಮನ ಗುಡಿಯ ಮುಂದೆ ಡಾಕ್ಟರ್ ಅಂಬೇಡ್ಕರರ ಅನುಯಾಯಿಗಳು 1930ರಿಂದ ಸತ್ಯಾಗ್ರಹ ಮಾಡುತ್ತಿದ್ದರೂ ಬಾಗಿಲು ತೆರೆದಿರಲಿಲ್ಲ. ಗುರುವಾಯೂರಿನಲ್ಲಿ 1931ರಲ್ಲಿ ಮೊದಲಾದ ಸತ್ಯಾಗ್ರಹವೂ ಗುಡಿಯನ್ನು ತೆರೆಯಿಸಲಾರದೆ ಹೋಯಿತು. ಮಹಾತ್ಮಾ ಗಾಂಧಿಯವರು 1932ರ ಸೆಪ್ಟೆಂಬರಿನಲ್ಲಿ ಯರವಡದ ಸೆರೆಮನೆಯಲ್ಲಿ ಪ್ರಾಣವನ್ನು ಪಣವಿಟ್ಟು ಉಪವಾಸ ಮಾಡಿದ್ದರು. ತಿರುವಾಂಕೂರಿನಂತಹ ದೊಡ್ಡ ಸಂಸ್ಥಾನದ ಪ್ರಸಿದ್ಧವಾದ ದೇವಾಲಯಪ್ರವೇಶದ ಘೋಷಣೆಯು ಹೊರಟದ್ದು 1936ರ ನವೆಂಬರಿನಲ್ಲಿ, ಅಂದರೆ ನಾಲ್ಕು ವರ್ಷಗಳ ಬಳಿಕ. ತಿರುವಾಂಕೂರಿನ ಹೆಸರು ಲೋಕವಿಖ್ಯಾತವಾಯಿತು. ಅದಕ್ಕೆ ಮೊದಲೇ ಬಾಗಿಲು ತೆರೆದ ಸಂಡೂರಿನ ಹೆಸರನ್ನು ನಮ್ಮ ಕನ್ನಡಿಗರಲ್ಲಿಯೇ ಎಷ್ಟು ಮಂದಿ ಬಲ್ಲರು? ಚಿಕ್ಕವರ ಒಳ್ಳೆಯ ಕೆಲಸಕ್ಕೆ ದೊಡ್ಡ ಡಂಗುರ ಸಿಕ್ಕುವುದಿಲ್ಲ.

ದೊರೆಯಾದವನು ಒಂದು ಅಪ್ಪಣೆ ಹೊರಡಿಸಿದರೆ ಆಯಿತು, ಇದರಲ್ಲಿ ಹೆಚ್ಚುಗಾರಿಕೆ ಏನೆಂದು ಕೆಲವರು ಕೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ದೊಡ್ಡ ರಾಜ್ಯದ ದೊರೆಗೂ ಪ್ರಜೆಗೂ ನಡುವೆ ಹತ್ತು ಕಚೇರಿಗಳ ಮರೆಯಿರುತ್ತದೆ. ಹನ್ನೊಂದು ಸಾವಿರ ಜನರ ಕಣಿವೆಯಲ್ಲಿ ಅರಸನು ಯಾರ ಮನಸ್ಸನ್ನು ನೋಯಿಸಿದರೂ ಮರುದಿನ ಅವರ ಮುಖವನ್ನು ನೋಡಲೇಬೇಕು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅಂತಹ ಧೈರ್ಯವನ್ನು ತೋರಿದುದು ಸಣ್ಣ ಮಾತಲ್ಲ. ಗಾಂಧಿಯವರು 1934ರ ತಮ್ಮ ಹರಿಜನ ಯಾತ್ರೆಯಲ್ಲಿ ಸಂಡೂರಿಗೂ ಬಂದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂಬ ಮಾತನ್ನು ಅವರು ಆಡಿದರೆಂದು ಊರಿನವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಅವರು ಬಂದದ್ದು ಬೇಸಗೆಯ ಮೊದಲಿನಲ್ಲಿ. ಹಸುರನ್ನು ಕಣ್ಣಾರೆ ಕಾಣದೆಯೇ ಅದನ್ನು ಹೊಗಳಿದರೆಂದಾದರೆ ಆತಿಥ್ಯವು ಚೆನ್ನಾಗಿಯೇ ನಡೆದಿರಬೇಕು.

ಸ್ವಾತಂತ್ರ್ಯವು ಬಂದಿತು. ದೇಶೀಯ ಸಂಸ್ಥಾನಗಳು ಒಂದೊಂದಾಗಿ ಭಾರತದ ಮಡಿಲಿಗೆ ಸೇರಿದುವು. ಮದರಾಸಿನ ನೆರೆಯ ಬನಗಾನಪಲ್ಲೆ, ಪುದುಕೋಟೆಗಳು 1948ರಲ್ಲಿಯೇ ಹೋಗಿದ್ದುವು. 1949ರ ಏಪ್ರಿಲ್ 1ನೆಯ ದಿನ ಸಂಡೂರು ಮದರಾಸು ಪ್ರಾಂತಕ್ಕೆ ಸೇರಿ ಬಳ್ಳಾರಿ ಜಿಲ್ಲೆಯ ಭಾಗವಾಯಿತು. ಸಿದ್ಧೋಜಿಯು ಕಣಿವೆಯನ್ನು ಹೊಕ್ಕ ಮೇಲೆ 221 ವರ್ಷಗಳು ಕಳೆದಿದ್ದುವು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಹುಟ್ಟಿದಾಗ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದುವು. ಅವುಗಳೊಡನೆ ಸಂಡೂರೂ ಬಂದಿತು.

ಯಶವಂತರಾಯರಿಗೆ ಆಗ ನಲವತ್ತರ ಆಚೀಚೆಯ ವಯಸ್ಸು. ರಾಜ್ಯ ಹೋದ ರಾಜರು ಮಾಡುವ ಕೆಲಸಗಳನ್ನು ನಾವೆಲ್ಲ ಕಂಡಿದ್ದೇವೆ. ಕೆಲವರು ಬೇಟೆಯಲ್ಲಿ ಕಾಲ ಕಳೆದರು. ಕೆಲವರು ಒಡವೆಗಳನ್ನು ಮಾರಿ ಪರದೇಶದಲ್ಲಿ ಕುಳಿತರು. ಬಹುಮಂದಿ ಸರ್ಕಾರದ ರಾಜಧನವನ್ನು ಎಣಿಸುತ್ತ ಕುಳಿತು, 1971ರಲ್ಲಿ ಅದೂ ನಿಂತಾಗ ಬೆರಗಾದರು. ಸಂಡೂರಿನವರು ಹಾಗೆ ಕೂರಲಿಲ್ಲ. 1954ರಲ್ಲಿ ಅವರು ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಎಂಬ ಕಂಪೆನಿಯನ್ನು ಸ್ಥಾಪಿಸಿದರು. ಪರದೇಶದವರು ಅಗೆಯುತ್ತಿದ್ದ ಅದಿರನ್ನು ಊರಿನವರೇ ಅಗೆಯುವಂತಾಯಿತು. ಅಗೆಯುವ ಕಂಪೆನಿಯ ಚುಕ್ಕಾಣಿಯು ಹಳೆಯ ಅರಮನೆಯ ಕೈಯಲ್ಲಿಯೇ ಉಳಿಯಿತು. ಮುಂದೆ ಹೊಸಪೇಟೆಯ ಬಳಿ ವ್ಯಾಸನಕೆರೆಯಲ್ಲಿ ಲೋಹವನ್ನು ಕರಗಿಸುವ ಕಾರ್ಖಾನೆಯೂ ಎದ್ದಿತು. ಊರಿಗೆ ವಸತಿಶಾಲೆಯೊಂದು ಬಂದಿತು. ಗಣಿಯ ಕೆಲಸಗಾರರಿಗೆ ಮನೆ, ದವಾಖಾನೆಗಳು ಬಂದುವು. ಕಿರೀಟವನ್ನು ಇಳಿಸಿ ಐದು ವರ್ಷಗಳೊಳಗೆ ಲೆಕ್ಕಪುಸ್ತಕವನ್ನು ಕೈಗೆ ತೆಗೆದುಕೊಂಡವರು ನಮ್ಮ ರಾಜರಲ್ಲಿ ಹೆಚ್ಚಿಲ್ಲ. ಇದನ್ನು ಮೆಚ್ಚತಕ್ಕದ್ದೇ.

ಮೆಚ್ಚಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದೆ ಬಿಟ್ಟರೆ ನಾವು ವಾಚಕರಿಗೆ ಅನ್ಯಾಯ ಮಾಡಿದಂತೆ. ರಾಜ್ಯವು ಹೋದರೂ ನೆಲದ ಪ್ರಶ್ನೆಯು ಹೋಗಿರಲಿಲ್ಲ. ಸಂಡೂರಿನ ಕಣಿವೆಯ ಎಷ್ಟೋ ಹೊಲಗಳು ಇನಾಮು ಭೂಮಿಗಳು. ಕುಮಾರಸ್ವಾಮಿ ದೇವಸ್ಥಾನದ ಹೆಸರಿನಲ್ಲಿದ್ದುವೂ ಇದ್ದುವು. ಅಜ್ಜನ ಕಾಲದಿಂದ ಅವನ್ನು ಉಳುತ್ತಿದ್ದ ರೈತನಿಗೆ ಹಕ್ಕಿನ ಕಾಗದವಿರಲಿಲ್ಲ. 1973ರಲ್ಲಿ ಸಮಾಜವಾದಿಗಳ ಮುಂದಾಳ್ತನದಲ್ಲಿ ಸಂಡೂರಿನ ರೈತರು ಚಳವಳಿ ಹೂಡಿದರು. ಜಾರ್ಜ್ ಫರ್ನಾಂಡಿಸರಂತಹ ರಾಷ್ಟ್ರದ ನಾಯಕರು ಬಂದರು. ಸತ್ಯಾಗ್ರಹಿಗಳು ಗುಂಪುಗುಂಪಾಗಿ ಸೆರೆಮನೆಗೆ ನಡೆದರು. ಉಳುವವನಿಗೆ ನೆಲ ಎಂಬ ಕೂಗು ಕಣಿವೆಯ ಎರಡು ಗೋಡೆಗಳಿಗೂ ತಾಗಿ ಮಾರ್ದನಿಗೊಟ್ಟಿತು.

ಆ ಸಮಯದ ವಿಚಿತ್ರವನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ದೇವರಾಜ ಅರಸರ ಮಂತ್ರಿಮಂಡಲವಿತ್ತು. ಭೂಸುಧಾರಣೆಯೇ ಅದರ ಹೆಮ್ಮೆಯ ಧ್ವಜ. ಆ ಮಂತ್ರಿಮಂಡಲದಲ್ಲಿ 1972ರಿಂದ 1977ರವರೆಗೆ ಹಣಕಾಸಿನ ಮಂತ್ರಿಗಳಾಗಿದ್ದವರು ಎಂ. ವೈ. ಘೋರ್ಪಡೆಯವರು, ಅಂದರೆ ಯಶವಂತರಾಯರ ಮಕ್ಕಳಾದ ಮುರಾರಿರಾಯರು. 1931ರಲ್ಲಿ ಜನಿಸಿ, ಕೇಂಬ್ರಿಜಿನಲ್ಲಿ ಅರ್ಥಶಾಸ್ತ್ರವನ್ನು ಓದಿ ಬಂದ ಇವರು ಸಂಡೂರಿನ ಜನರ ಮತದಿಂದಲೇ ಶಾಸನಸಭೆಗೆ ಹೋದವರು. ಹೀಗೆ ಒಂದೇ ಮನೆಯ ವಿಷಯದಲ್ಲಿ, ಊರಿನಲ್ಲಿ ರೈತನು ಅರಮನೆಯ ಕಡೆಗೆ ಬೆರಳು ತೋರಿಸುತ್ತಿದ್ದಾನೆ. ರಾಜಧಾನಿಯಲ್ಲಿ ಅರಮನೆಯ ಮಗನು ರೈತನಿಗೆ ನೆಲ ಕೊಡುವ ಸರ್ಕಾರದ ಬೊಕ್ಕಸವನ್ನು ಕಾಯುತ್ತಿದ್ದಾನೆ. ಭೂಸುಧಾರಣೆಯ ಶಾಸನವು 1974ರಲ್ಲಿ ಜಾರಿಗೆ ಬಂದಿತು. ಸಂಡೂರಿಗೆಂದೇ ಬೇರೆಯಾಗಿ 1976ರಲ್ಲಿ ಸಂಡೂರು ಪ್ರದೇಶದ ಇನಾಮುಗಳ ರದ್ದಿಯಾತಿ ಶಾಸನವಾಯಿತು. ಮಗನು ಕುಳಿತಿದ್ದ ಸರ್ಕಾರದ ಶಾಸನವೇ ತಂದೆಯ ಕಾಲದ ಇನಾಮನ್ನು ಮುಗಿಸಿತು. ಇದನ್ನು ಕೆಲವರು ತ್ಯಾಗವೆನ್ನುತ್ತಾರೆ, ಕೆಲವರು ಚಳವಳಿಯ ಗೆಲುವೆನ್ನುತ್ತಾರೆ. ಸೆರೆಮನೆಗೆ ಹೋದವರಿಲ್ಲದೆ ಕೇವಲ ಮಂತ್ರಿಗಳ ಸದ್ಬುದ್ಧಿಯಿಂದಲೇ ಸಂಡೂರಿಗೆ ಒಂದು ಬೇರೆ ಶಾಸನ ಬರುತ್ತಿತ್ತೆಂದು ನಾವು ನಂಬುವುದಿಲ್ಲ. ಹಾಗೆಂದು, ಮನೆಯ ಆಸ್ತಿಗೆ ಕುತ್ತು ಬರುವ ಸರ್ಕಾರದಲ್ಲಿ ಐದು ವರ್ಷ ನಿಂತು ಕೆಲಸ ಮಾಡಿದವರನ್ನು ಹಳಿಯಲೂ ನಮಗೆ ಮನಸ್ಸು ಬಾರದು.

ಮುರಾರಿರಾಯರ ಮುಂದಿನ ಜೀವಿತವು ಸಂಡೂರಿನ ಎಲ್ಲೆಯನ್ನು ಮೀರಿದ್ದು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಗಳಾಗಿ ಅವರು 1993ರ ಕರ್ನಾಟಕ ಪಂಚಾಯತ್ ರಾಜ್ ಶಾಸನದ ಹಿಂದೆ ನಿಂತರು. ಅರಸನ ಮಗನು ಹಳ್ಳಿಯ ಪಂಚಾಯಿತಿಗೆ ಅಧಿಕಾರ ಕೊಡಿಸಲು ದುಡಿದದ್ದು ಕಾಲದ ಆಟವೇ ಸರಿ. ಬಿಡುವಿನಲ್ಲಿ ಅವರು ಕಾಡುಮೃಗಗಳ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದರು; ಪೂರ್ವಿಕರು ಬಂದೂಕು ಹಿಡಿದು ಅಡಗುತ್ತಿದ್ದಂತಹ ಪೊದೆಗಳಲ್ಲಿ ಇವರು ಕ್ಯಾಮೆರಾ ಹಿಡಿದು ಅಡಗಿದರು. ಆ ಚಿತ್ರಗಳಿಂದ ಅವರಿಗೆ ದೇಶವಿದೇಶಗಳಲ್ಲಿ ಕೀರ್ತಿ ಬಂದಿತು.

ಇಷ್ಟರಲ್ಲಿ ಬೆಟ್ಟಗಳ ಕಥೆಯು ಇನ್ನೊಂದು ತಿರುವನ್ನು ಕಂಡಿತ್ತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ದೋಣಿಮಲೈಯನ್ನು ಅಗೆಯಲು ಬಂದಿತು. 1977ರಲ್ಲಿ ಅಲ್ಲಿಯ ಕಬ್ಬಿಣದ ಗಣಿಯು ಕೆಲಸವನ್ನು ಮೊದಲುಮಾಡಿತು. ಬೆಟ್ಟದ ಬುಡದಲ್ಲಿ ಸಾಲುಮನೆಗಳು, ಶಾಲೆ, ಆಸ್ಪತ್ರೆಗಳುಳ್ಳ ಹೊಸ ಊರೇ ಹುಟ್ಟಿತು. ಮದರಾಸಿನಿಂದ, ಆಂಧ್ರದಿಂದ, ಉತ್ತರದೇಶದಿಂದ ಬಂದ ಸಂಸಾರಗಳು ಅಲ್ಲಿ ಒಲೆ ಹೂಡಿದುವು. ಬುಟ್ಟಿ ಹೊರುವ ಕಾಲ ಹೋಗಿ, ಮನೆಯಷ್ಟು ಎತ್ತರದ ಲಾರಿಗಳ ಕಾಲ ಬಂದಿತು. ಕಣಿವೆಯು ಮೊದಲ ಬಾರಿಗೆ ಘೋರ್ಪಡೆಯವರದಲ್ಲದ ಒಂದು ದೊಡ್ಡ ಒಡೆತನವನ್ನು ಕಂಡಿತು.

ಯಶವಂತರಾಯರು 1996ರಲ್ಲಿ ತೀರಿಕೊಂಡರು. ಇಪ್ಪತ್ತೊಂದು ವರ್ಷ ದೊರೆಯಾಗಿದ್ದು, ನಲವತ್ತೇಳು ವರ್ಷ ಪ್ರಜೆಯಾಗಿ ಬಾಳಿದ ಜೀವ ಅದು. ಆ ಬಳಿಕ ಬಂದುದನ್ನು ಅವರು ನೋಡಲಿಲ್ಲ. ಚೀನಾ ದೇಶದ ಕುಲುಮೆಗಳಿಗೆ ಅದಿರಿನ ಹಸಿವು ಹುಟ್ಟಿ, ಹೊಸ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಬಳ್ಳಾರಿಯ ಬೆಟ್ಟಗಳ ಮೇಲೆ ದರೋಡೆಯೇ ಎರಗಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈ ತಿಂಗಳಲ್ಲಿ ಅಕ್ರಮ ಗಣಿಗಾರಿಕೆಯ ವರದಿಯನ್ನು ಕೊಟ್ಟರು. ಅದೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸುವಂತೆ ಅಪ್ಪಣೆ ಮಾಡಿತು. ಲಾರಿಗಳ ಸದ್ದು ಅಡಗಿ, ಕೂಲಿಯವರ ಮನೆಗಳಲ್ಲಿ ಒಲೆಯೂ ತಣ್ಣಗಾಯಿತು. ಮುರಾರಿರಾಯರು ಅದೇ ವರ್ಷದ ಅಕ್ಟೋಬರಿನಲ್ಲಿ ಕಾಲವಾದರು. ಮುಂದೆ ನ್ಯಾಯಾಲಯವು ಮಿತಿಗಳನ್ನು ಗೊತ್ತುಮಾಡಿ, ಗಣಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಮತ್ತೆ ತೆರೆಯಗೊಟ್ಟಿತು.

ಹಿಂದೆ ದೊರೆಗಳು ವಾಸಿಸಿದ ಶಿವವಿಲಾಸ ಅರಮನೆಯಲ್ಲಿ ಈಚೆಗೆ ಪ್ರವಾಸಿಗಳು ಬಾಡಿಗೆ ಕೊಟ್ಟು ತಂಗುತ್ತಾರೆ. ತಾಂಡಾಗಳ ಹೆಂಗಸರು ಕನ್ನಡಿ, ಕವಡೆ, ಬಣ್ಣದ ದಾರಗಳಿಂದ ಹೊಲಿಯುವ ಕಸೂತಿಯು ಸಂಡೂರಿನ ಹೆಸರಿನಲ್ಲಿಯೇ ಭೌಗೋಳಿಕ ಮನ್ನಣೆಯನ್ನು ಪಡೆದು ದೂರದ ಪೇಟೆಗಳಿಗೆ ಹೋಗುತ್ತದೆ. ನಾರಿಹಳ್ಳವು ಬೆಟ್ಟಗಳ ಕೆಂಪನ್ನು ತೊಳೆದುಕೊಂಡು ದರೋಜಿಯ ಕೆರೆಯ ಕಡೆಗೆ ಹರಿಯುತ್ತದೆ. ನಾವು ಹೋದಾಗ ಮಳೆ ನಿಂತು ಎರಡು ದಿನವಾಗಿತ್ತು. ದೋಣಿಮಲೈಯ ಒಂದು ಪಕ್ಕದಲ್ಲಿ ಬೆಟ್ಟವನ್ನು ಮೆಟ್ಟಿಲುಮೆಟ್ಟಿಲಾಗಿ ಕೊರೆದ ಗಾಯವು ಒದ್ದೆಯಾಗಿ ಹೊಳೆಯುತ್ತಿತ್ತು. ಇನ್ನೊಂದು ಪಕ್ಕದ ಇಳಿಜಾರಿನಲ್ಲಿ, ಕಂಬಳಿ ಹೊದ್ದ ಮುದುಕನೊಬ್ಬನು ಕೋಲಿನ ಮೇಲೆ ಗಲ್ಲವನ್ನೂರಿ ನಿಂತಿದ್ದನು. ಅವನ ಕುರಿಗಳು ಸೊಂಟದೆತ್ತರದ ಹುಲ್ಲಿನಲ್ಲಿ ಕಾಣದಂತಾಗಿ, ಹುಲ್ಲು ಅಲುಗಿದ ಕಡೆಯಲ್ಲಿ ಮಾತ್ರ ಮಂದೆ ಇರುವುದು ತಿಳಿಯುತ್ತಿತ್ತು.